ದನಿ ಗೌಹರ್ ಜಾನ್‌ದು, ಪ್ಲೇಟು ಯಾರದ್ದು?

1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಒಬ್ಬ ಹಾಡುಗಾರ್ತಿ ತೀರಿಕೊಂಡರು. ವಯಸ್ಸು 56. ಅರಮನೆಯ ಸಂಗೀತಗಾರ್ತಿ ಅಂತ ನೇಮಕ ಆಗಿ ಒಂದೂವರೆ ವರ್ಷ ಕೂಡ ಆಗಿರಲಿಲ್ಲ. ಸಂಬಳ ತಿಂಗಳಿಗೆ 500 ರೂಪಾಯಿ. ಆ ಕಾಲಕ್ಕೆ ಇದು ಸಣ್ಣ ಸಂಬಳ ಅಲ್ಲ. ಆದರೆ ಈ ಹೆಂಗಸು ಒಂದು ಕಾಲದಲ್ಲಿ ಒಂದೇ ಒಂದು ರೆಕಾರ್ಡಿಂಗ್‌ಗೆ 3000 ರೂಪಾಯಿ ಕೇಳಿದ್ದರು ಅಂತ ಹೇಳುತ್ತಾರೆ. ಅವರ ಫೋಟೊ ಹಾಕಿದ ಬೆಂಕಿಪೊಟ್ಟಣಗಳು ಆಸ್ಟ್ರಿಯಾದಿಂದ ಬರುತ್ತಿದ್ದವು. ಅವರ ದನಿ ಇದ್ದ ಗ್ರಾಮಫೋನ್ ಪ್ಲೇಟುಗಳು ಸುಮಾರು 600.

ಅವರ ಹೆಸರು ಗೌಹರ್ ಜಾನ್. ಭಾರತದ ಮೊದಲ ರೆಕಾರ್ಡಿಂಗ್ ಸ್ಟಾರ್. 2018ರಲ್ಲಿ ಅವರ 145ನೇ ಹುಟ್ಟುಹಬ್ಬಕ್ಕೆ ಗೂಗಲ್ ಡೂಡಲ್ ಬಂದಿತ್ತು, ಕೆಲವರಿಗೆ ನೆನಪಿರಬಹುದು. ಡೂಡಲ್‌ನಲ್ಲಿ ಕಾಣದ ಒಂದು ವಿಷಯ ಉಂಟು. ರೆಕಾರ್ಡ್ ಕಂಪನಿ ಮತ್ತು ಕಲಾವಿದರ ನಡುವಿನ ಜಗಳ, ಅಂದರೆ ಲೇಬಲ್ ಜತೆ ಸೈನ್ ಮಾಡುವುದಾ ಅಥವಾ ಇಂಡಿಪೆಂಡೆಂಟ್ ಆಗಿ ಇರುವುದಾ ಅಂತ ಇವತ್ತು ನಾವು ಮಾತಾಡುತ್ತೇವಲ್ಲ, ಅದರ ಎಲ್ಲಾ ಪ್ರಶ್ನೆಗಳೂ ಈ ಒಂದು ಜೀವನದಲ್ಲಿ ಸಿಗುತ್ತವೆ. ಅದಕ್ಕೇ ಈ ಸಲ ಇವರ ಬಗ್ಗೆ ಬರೆಯುತ್ತಿದ್ದೇನೆ.

ಹುಟ್ಟಿದ್ದು 1873ರ ಜೂನ್ 26ರಂದು, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಆಗ ಇಟ್ಟ ಹೆಸರು ಏಂಜೆಲಿನಾ ಯೋವರ್ಡ್. ಅಪ್ಪ ರಾಬರ್ಟ್ ವಿಲಿಯಂ ಯೋವರ್ಡ್ ಐಸ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿದ್ದವರು. ಅಮ್ಮ ವಿಕ್ಟೋರಿಯಾ ಹೆಮಿಂಗ್ಸ್, ಹಾಡು ಮತ್ತು ನೃತ್ಯ ಕಲಿತವರು. 1879ರಲ್ಲಿ ಗಂಡ ಹೆಂಡತಿ ಬೇರೆಯಾದರು. ಕೈಯಲ್ಲಿ ಸಣ್ಣ ಹುಡುಗಿಯನ್ನು ಇಟ್ಟುಕೊಂಡ ಅಮ್ಮ ಖುರ್ಷಿದ್ ಎಂಬವರ ಆಸರೆಯಲ್ಲಿ ಬನಾರಸಿಗೆ ಹೋದರು. ಅಲ್ಲಿ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ಅಮ್ಮ ಸ್ವಲ್ಪ ಕಾಲದಲ್ಲೇ ಬನಾರಸಿನ ಹೆಸರಾಂತ ಹಾಡುಗಾರ್ತಿ ಆದರು. 1883ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ರಾಜ್ಯ ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಶಾ ಅಲ್ಲಿನ ಮಟಿಯಾಬುರ್ಜ್‌ನಲ್ಲಿ ತನ್ನ ದರ್ಬಾರನ್ನು ಹೇಗೋ ನಡೆಸಿಕೊಂಡು ಬರುತ್ತಿದ್ದ ಸಮಯ ಅದು. ಮಲ್ಕಾ ಜಾನ್‌ಗೆ ಅಲ್ಲಿ ಜಾಗ ಸಿಕ್ಕಿತು. ಕೆಲವೇ ವರ್ಷದಲ್ಲಿ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆ ಆಯಿತು.

ಗೌಹರ್ ಕಲಿತದ್ದು ಈ ವಾತಾವರಣದಲ್ಲಿ. ಕಥಕ್ ಕಲಿಸಿದ್ದು ಲಖನೌದ ಬಿಂದಾದಿನ್ ಮಹಾರಾಜ್. ಹಿಂದೂಸ್ತಾನಿ ಹಾಡಿಗೆ ಒಬ್ಬರಲ್ಲ, ಹಲವು ಉಸ್ತಾದರು. ಬಂಗಾಳಿ ಕೀರ್ತನ ಬೇರೆ. 1887ರಲ್ಲಿ, ಅಂದರೆ 14ನೇ ವಯಸ್ಸಿಗೆ, ದರ್ಭಂಗಾ ಅರಮನೆಯಲ್ಲಿ ಮೊದಲ ಕಾರ್ಯಕ್ರಮ. ಹಮ್ದಮ್ ಎಂಬ ಕಾವ್ಯನಾಮದಲ್ಲಿ ಅವರೇ ಹಾಡು ಬರೆಯುತ್ತಿದ್ದರು ಕೂಡ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಿಂಗರ್, ಡ್ಯಾನ್ಸರ್, ಲಿರಿಸಿಸ್ಟ್ ಎಲ್ಲಾ ಒಬ್ಬರೇ.

ಇಲ್ಲಿವರೆಗೆ ಕಲಾವಿದರಿಗೆ ದುಡ್ಡು ಬರುತ್ತಿದ್ದದ್ದು ಹೇಗೆ? ರಾಜ, ಜಮೀನ್ದಾರ, ಶ್ರೀಮಂತ ವ್ಯಾಪಾರಿ ಕರೆಸುತ್ತಾನೆ, ಹಾಡು ಕೇಳುತ್ತಾನೆ, ಕೊಡುತ್ತಾನೆ. ಹಾಡಿದ ರಾತ್ರಿಗೆ ದುಡ್ಡು. ಹಾಡು ಗಾಳಿಯಲ್ಲಿ ಹೋಗುತ್ತದೆ, ಮತ್ತೆ ಬೇಕಿದ್ದರೆ ಮತ್ತೆ ಕರೆಸಬೇಕು. ಮಾರುವ ವಸ್ತು ಅಂತ ಏನೂ ಇಲ್ಲ.

1902ರಲ್ಲಿ ಇದು ಬದಲಾಯಿತು. ಗ್ರಾಮಫೋನ್ ಆ್ಯಂಡ್ ಟೈಪ್‌ರೈಟರ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ರೆಕಾರ್ಡಿಂಗ್ ಮಾಡುವವರು ಲಂಡನ್ನಿಂದ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದರು. ಕಂಪನಿಗೆ ಬೇಕಾದದ್ದು ಗ್ರಾಮಫೋನ್ ಮಶೀನು ಮಾರುವುದು. ಮಶೀನು ಮಾರಬೇಕಾದರೆ ಇಲ್ಲಿನ ಜನ ಕೇಳುವ ಹಾಡು ಬೇಕು. ದೊಡ್ಡ ದೊಡ್ಡ ಉಸ್ತಾದರಲ್ಲಿ ಹಲವರು ಒಪ್ಪಲಿಲ್ಲ. ಜೀವಮಾನ ಇಡೀ ಕಲಿತ ವಿದ್ಯೆ ಯಾರ್ಯಾರದ್ದೋ ಮನೆಯಲ್ಲಿ, ಯಾವ್ಯಾವುದೋ ಹೊತ್ತಿನಲ್ಲಿ ಕೇಳುವ ಸರಕಾಗುತ್ತದೆ, ಕಂಡಕಂಡವರು ಕದ್ದು ಕಲಿಯುತ್ತಾರೆ ಎಂಬ ಭಯ. ಮುಂದೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು, ತವಾಯಿಫರು. ಅವರಲ್ಲಿ ಎಲ್ಲರಿಗಿಂತ ಮೇಲೆ ನಿಂತವರು ಗೌಹರ್.

ನವೆಂಬರ್ ತಿಂಗಳು, ಕಲ್ಕತ್ತೆಯ ಹೋಟೆಲೊಂದರ ರೂಮೇ ಸ್ಟುಡಿಯೊ. ಟೆಕ್ನಿಕಲ್ ವಿಷಯ ಸ್ವಲ್ಪ ಹೇಳಲೇಬೇಕು, ಇದು ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆ ಅಲ್ವಾ. ಆಗ ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಎಲೆಕ್ಟ್ರಿಕಲ್ ರೆಕಾರ್ಡಿಂಗ್ ಬಂದದ್ದೇ 1925ರಲ್ಲಿ. ಗೋಡೆಯಿಂದ ಒಂದು ದೊಡ್ಡ ಕೊಂಬು ಹೊರಗೆ ಚಾಚಿರುತ್ತದೆ. ಹಾಡುವವರು ಮುಖವನ್ನು ಅದರ ಬಾಯಿಗೆ ಹತ್ತಿರ ಇಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಕೊಂಬಿನ ತುದಿಯ ಡಯಾಫ್ರಮ್ ಅಲುಗುತ್ತದೆ, ಅದಕ್ಕೆ ಸಿಕ್ಕಿಸಿದ ಸೂಜಿ ತಿರುಗುವ ಮೇಣದ ಮೇಲೆ ಗೀರು ಹಾಕುತ್ತದೆ. ಅಷ್ಟೇ. ಪೂರ್ತಿ ಮೆಕ್ಯಾನಿಕಲ್. ತಪ್ಪಿದರೆ ಎಡಿಟ್ ಇಲ್ಲ, ಹೊಸ ಮೇಣ ಹಾಕಿ ಮೊದಲಿಂದ ಹಾಡಬೇಕು. ಇನ್ನೊಂದು ತೊಂದರೆ ಸಮಯ. ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಬಿಡಿಸುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸುವುದು ಹೇಗೆ? ಗೌಹರ್ ಅದಕ್ಕೊಂದು ದಾರಿ ಕಂಡುಕೊಂಡರು. ಸಣ್ಣ ಆಲಾಪ, ಬೇಗ ಬಂದಿಶ್, ಚುರುಕಾದ ತಾನ್, ಮುಗಿಯಿತು. ಮುಂದೆ ಬಂದವರಿಗೆ ಇದೇ ಅಚ್ಚು ಆಯಿತು.

ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಕೇಳಿದರೆ ಜಂಬ ಅನಿಸಬಹುದು. ವಿಷಯ ಅದಲ್ಲ. ಮೇಣದ ಮಾಸ್ಟರ್‌ಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟು ಒತ್ತಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆ ಗೊತ್ತಿಲ್ಲ, ಯಾವ ಹಾಡು ಯಾರದ್ದು ಅಂತ ಗೊತ್ತಾಗಬೇಕಲ್ಲ? ಇವತ್ತು ನಾವು ಫೈಲಿಗೆ ಮೆಟಾಡೇಟಾ ಹಾಕುತ್ತೇವೆ. ಅವರು ಬಾಯಲ್ಲೇ ಹಾಕಿದರು.

ಇದರ ಲೆಕ್ಕ ಒಮ್ಮೆ ನೋಡಿ. 78 ಆರ್‌ಪಿಎಂ ಪ್ಲೇಟು ಮಾಡುವುದು ಶೆಲ್ಲಾಕ್‌ನಿಂದ, ಅಂದರೆ ಅರಗು. ಆ ಕಾಲದಲ್ಲಿ ಜಗತ್ತಿಗೆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಅರಗು ನಮ್ಮದು, ದನಿ ನಮ್ಮದು, ಕೊಳ್ಳುವವರು ನಮ್ಮವರು. ಕಾರ್ಖಾನೆ ಜರ್ಮನಿಯಲ್ಲಿ, ಕಂಪನಿ ಲಂಡನ್ನಿನಲ್ಲಿ. ಕಲ್ಕತ್ತೆಯಲ್ಲೇ ಪ್ಲೇಟು ಒತ್ತುವ ಕಾರ್ಖಾನೆ ಆದದ್ದು 1908ರಲ್ಲಿ. ಅದು ಕೂಡ ಅದೇ ಕಂಪನಿಯದ್ದು.

ಹಾಗಾದರೆ ಗೌಹರ್ ಮೋಸ ಹೋದ ಪಾಪದ ಹೆಂಗಸಾ? ಖಂಡಿತ ಅಲ್ಲ. ಅವರ ರೇಟು ಅವರಿಗೆ ಚೆನ್ನಾಗಿ ಗೊತ್ತಿತ್ತು. ರೆಕಾರ್ಡಿಂಗ್‌ಗೆ ಬರುವಾಗ ಪ್ರತಿ ಸಲ ಹೊಸ ಬಟ್ಟೆ, ಹೊಸ ಒಡವೆ. ಅವರ ಜತೆ ಚೌಕಾಸಿ ಮಾಡುವುದು ಕಂಪನಿಗೆ ದುಬಾರಿ ಬಿದ್ದಿತು ಅಂತ ಗೈಸ್‌ಬರ್ಗ್ ತನ್ನ ನೆನಪುಗಳಲ್ಲಿ ಒಪ್ಪಿಕೊಂಡಿದ್ದಾರೆ. 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದರು. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಎದುರು ಅಲಹಾಬಾದಿನ ಜಾನಕಿ ಬಾಯಿ ಜತೆ ಹಾಡಿದರು. ಸಾಕಿದ ಬೆಕ್ಕು ಮರಿ ಹಾಕಿದ್ದಕ್ಕೆ 20,000 ರೂಪಾಯಿ ಖರ್ಚು ಮಾಡಿ ಪಾರ್ಟಿ ಕೊಟ್ಟರು ಎಂಬ ಕಥೆ ಕೂಡ ಉಂಟು. ನಿಜವೋ ಸುಳ್ಳೋ, ಜನ ಇಂಥ ಕಥೆ ಕಟ್ಟುವುದು ಸ್ಟಾರ್‌ಗಳ ಬಗ್ಗೆ ಮಾತ್ರ.

ನನಗೆ ಹೆಚ್ಚು ಇಷ್ಟವಾದ ಕಥೆ ಗಾಂಧೀಜಿಯವರದ್ದು. ಸ್ವರಾಜ್ಯ ನಿಧಿಗೆ ದುಡ್ಡು ಸೇರಿಸಿಕೊಡಬೇಕು ಅಂತ ಗಾಂಧೀಜಿ ಗೌಹರ್ ಹತ್ತಿರ ಕೇಳಿದರಂತೆ. ಗೌಹರ್ ಒಪ್ಪಿದರು, ಆದರೆ ಒಂದು ಶರತ್ತು ಹಾಕಿದರು: ಕಾರ್ಯಕ್ರಮಕ್ಕೆ ಗಾಂಧೀಜಿ ಸ್ವತಃ ಬರಬೇಕು. ಕಾರ್ಯಕ್ರಮ ಆಯಿತು, 24,000 ರೂಪಾಯಿ ಸೇರಿತು, ಗಾಂಧೀಜಿಗೆ ಬರಲಿಕ್ಕೆ ಆಗಲಿಲ್ಲ. ದುಡ್ಡು ತೆಗೆದುಕೊಳ್ಳಲು ಮೌಲಾನಾ ಶೌಕತ್ ಅಲಿ ಬಂದಾಗ ಗೌಹರ್ ಎಣಿಸಿ ಕೊಟ್ಟದ್ದು 12,000. ಶರತ್ತಿನಲ್ಲಿ ಅರ್ಧ ನಡೆಯಿತು, ದುಡ್ಡೂ ಅರ್ಧ. ಈ ಕಥೆಯನ್ನು ತುಂಬಾ ಜನ ಹೇಳುತ್ತಾರೆ. ಎದುರಿಗೆ ಇರುವವರು ಯಾರೇ ಆಗಲಿ ಮಾತು ಅಂದರೆ ಮಾತು ಎಂಬುದು ಅವರಿಗೆ ಸ್ಪಷ್ಟ ಇತ್ತು.

ಆದರೆ ಇಷ್ಟು ಹುಷಾರಿದ್ದವರ ಕೈಯಲ್ಲಿ ಕೊನೆಗೆ ದುಡ್ಡು ಉಳಿಯಲಿಲ್ಲ. ಯಾಕೆ?

ಒಂದು ಕಾರಣ ಮನೆಯೊಳಗಿನದ್ದು. 1906ರಲ್ಲಿ ಅಮ್ಮ ತೀರಿಕೊಂಡರು. ಮನೆಯಲ್ಲೇ ಬೆಳೆದ ಭಗ್ಲು ಎಂಬವನು ಮಲ್ಕಾ ಜಾನ್‌ನ ಮಗ ತಾನೇ, ಆಸ್ತಿ ತನ್ನದೇ ಅಂತ ಕೋರ್ಟಿಗೆ ಹೋದ. ತಾನು ಯಾರ ಮಗಳು ಅಂತ ಸಾಬೀತು ಮಾಡಲಿಕ್ಕೆ ಗೌಹರ್ ಎಷ್ಟೋ ವರ್ಷದಿಂದ ನೋಡದ ಅಪ್ಪನನ್ನು ಹುಡುಕಿಕೊಂಡು ಹೋಗಬೇಕಾಯಿತು. ಬೊಂಬಾಯಿಯ ಗುಜರಾತಿ ರಂಗಭೂಮಿಯ ಅಮೃತ್ ಕೇಶವ್ ನಾಯಕ್ ಅವರಿಗೆ ತುಂಬಾ ಹತ್ತಿರದವರು, ಅವರು 1907ರಲ್ಲಿ ತೀರಿಕೊಂಡರು. ಆಮೇಲೆ ಸೆಕ್ರೆಟರಿಯಾಗಿ ಸೇರಿದ ಅಬ್ಬಾಸ್‌ನನ್ನು ನಂಬಿದರು, ಮದುವೆಯಾದರು, ಆಸ್ತಿ ಬರೆದುಕೊಟ್ಟರು. ಆ ಸಂಬಂಧವೂ ಕೋರ್ಟಿಗೆ ಹೋಯಿತು. ತೀರ್ಪು ಏನೇ ಬರಲಿ, ವಕೀಲರ ಫೀಸು ಕೊಡಲೇಬೇಕಲ್ಲ. ಕಂಪನಿ ಎದುರು ಗಟ್ಟಿ ನಿಂತವರು ಮನೆಯವರ ಎದುರು ಕಾಗದಕ್ಕೆ ಸುಲಭವಾಗಿ ಸಹಿ ಹಾಕಿದರು.

ಇನ್ನೊಂದು ಕಾರಣ ರೆಕಾರ್ಡ್ ವ್ಯವಹಾರದ ಒಳಗೇ ಉಂಟು. 3000 ಅಂದದ್ದು ಸೆಷನ್ನಿಗೆ. ಅಂದರೆ ಹಾಡಿದ ದಿನದ ಕೂಲಿ, ಎಷ್ಟೇ ದೊಡ್ಡದಾದರೂ ಕೂಲಿಯೇ. ಹಳೆ ಪದ್ಧತಿಯಲ್ಲಿ ರಾಜ ಒಂದು ರಾತ್ರಿಗೆ ಕೊಡುತ್ತಿದ್ದ ಹಾಗೇ. ಆದರೆ ರಾಜನ ಹತ್ತಿರ ಮಾರನೇ ದಿನ ಹಾಡು ಉಳಿಯುತ್ತಿರಲಿಲ್ಲ. ಕಂಪನಿಯ ಹತ್ತಿರ ಉಳಿಯುತ್ತದೆ. ಒಂದು ಮಾಸ್ಟರ್‌ನಿಂದ ಎಷ್ಟು ಪ್ಲೇಟು ಬೇಕಾದರೂ ಒತ್ತಬಹುದು, ಎಷ್ಟು ವರ್ಷ ಬೇಕಾದರೂ ಮಾರಬಹುದು. ಹೊಸ ತಂತ್ರಜ್ಞಾನ ಬಂತು, ಹಳೆ ಲೆಕ್ಕದಲ್ಲೇ ದುಡ್ಡು ಕೊಟ್ಟರು. ನನ್ನ ಪ್ರಕಾರ ಇಡೀ ವಿಷಯದ ಬೇರು ಇಲ್ಲಿ ಉಂಟು.

ಕಾನೂನು ಕೂಡ ಸಹಾಯಕ್ಕೆ ಇರಲಿಲ್ಲ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರಲ್ಲಿ ಹಾಡುವವರ ಹಕ್ಕು ಅಂತ ಬಂದದ್ದು 1994ರ ತಿದ್ದುಪಡಿಯಲ್ಲಿ. ಹಾಡು ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಲ್ಟಿ ಪಾಲನ್ನು ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ ಅಂತ ಆದದ್ದು 2012ರಲ್ಲಿ. ಮಧ್ಯದಲ್ಲಿ 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಹಾಡುವವರಿಗೂ ರಾಯಲ್ಟಿ ಬೇಕು ಅಂತ ಹಟ ಹಿಡಿದರು. ಹಾಡಿ ದುಡ್ಡು ತೆಗೆದುಕೊಂಡ ಮೇಲೆ ಮುಗಿಯಿತು ಎಂಬುದು ರಫಿಯವರ ನಿಲುವು. ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡಲೇ ಇಲ್ಲ. ಅಷ್ಟು ದೊಡ್ಡವರ ನಡುವೆಯೇ ಒಮ್ಮತ ಇಲ್ಲದಿದ್ದರೆ ಸಣ್ಣ ಕಲಾವಿದರ ಗತಿ ಏನು ಹೇಳಿ.

ಸಣ್ಣ ಕಲಾವಿದರು ಅಂದಾಗ ನನಗೆ ನಮ್ಮ ಊರು ನೆನಪಾಗುತ್ತದೆ. ನಾನು ಕಲ್ಲಡ್ಕದವನು. ಹೈವೇಯಲ್ಲಿ ಹೋಗುವವರಿಗೆ ಕಲ್ಲಡ್ಕ ಅಂದರೆ ಕೆಟಿ, ಮೇಲೆ ಡಿಕಾಕ್ಷನ್ ಕೆಳಗೆ ಹಾಲು ಇರುವ ಚಾ. ನಮಗೆ ಮಾತ್ರ ರಾತ್ರಿ ಅಂದರೆ ಆಟ, ಚೆಂಡೆ ಪೆಟ್ಟು. ಕ್ಯಾಸೆಟ್ ಕಾಲದಲ್ಲಿ ಈ ಕಡೆ ಯಕ್ಷಗಾನ, ತಾಳಮದ್ದಳೆ ಕ್ಯಾಸೆಟ್ ಇಲ್ಲದ ಮನೆ ಕಡಿಮೆ. ನಮ್ಮ ಮನೆಯಲ್ಲೂ ಅಜ್ಜನ ಒಂದು ಪೆಟ್ಟಿಗೆ ತುಂಬ ಉಂಟು. ಊರಿನಲ್ಲಿ ಒಬ್ಬರು ವಯಸ್ಸಾದ ಭಾಗವತರಿದ್ದಾರೆ. ಅವರು ಒಂದು ಕ್ಯಾಸೆಟ್‌ಗೆ ಹಾಡಿದಾಗ ಸಿಕ್ಕಿದ್ದು ಒಂದು ಸಲದ ಸಂಭಾವನೆ, ಒಂದು ಶಾಲು. ಹೋದ ವರ್ಷ ಅವರ ಮೊಮ್ಮಗ ಅದೇ ಪದ್ಯಗಳನ್ನು ಯೂಟ್ಯೂಬಿಗೆ ಹಾಕಿದ. ಎರಡೇ ದಿನದಲ್ಲಿ ಯಾವುದೋ ಕಂಪನಿಯ ಕಾಪಿರೈಟ್ ಕ್ಲೇಮ್ ಬಂತು. ಜಾಹೀರಾತಿನ ದುಡ್ಡು ಏನಾದರೂ ಬಂದರೆ ಅದು ಆ ಕಂಪನಿಗೆ. ಭಾಗವತರಿಗೆ ಬೇಸರ ಆದದ್ದು ದುಡ್ಡಿಗಲ್ಲ. ಸ್ವಂತ ದನಿ ಹಾಕಲಿಕ್ಕೆ ಬೇರೆಯವರ ಪರ್ಮಿಶನ್ ಬೇಕಾ ಅಂತ.

ಕಾನೂನಿನ ಪ್ರಕಾರ ಕಂಪನಿ ತಪ್ಪು ಮಾಡಿದೆ ಅಂತಲೂ ಹೇಳಲಿಕ್ಕೆ ಆಗುವುದಿಲ್ಲ. ರೆಕಾರ್ಡಿಂಗ್‌ಗೆ ದುಡ್ಡು ಹಾಕಿದ್ದು ಅವರು, ಅಂಗಡಿ ಅಂಗಡಿಗೆ ತಲುಪಿಸಿದ್ದು ಅವರು. ಗೌಹರ್ ವಿಷಯದಲ್ಲೂ ಹಾಗೇ. ಕಂಪನಿ ಇಲ್ಲದಿದ್ದರೆ ಅವರ ದನಿ ಇವತ್ತು ನಮಗೆ ಸಿಗುತ್ತಿರಲಿಲ್ಲ. ರೆಕಾರ್ಡಿಂಗ್ ಬೇಡ ಅಂದ ಉಸ್ತಾದರು ತಮ್ಮ ವಿದ್ಯೆಯನ್ನು ಕಾಪಾಡಿಕೊಂಡರು, ನಿಜ. ಆದರೆ ಅವರ ದನಿ ಹೇಗಿತ್ತು ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಎರಡೂ ನಷ್ಟವೇ. ಯಾವ ನಷ್ಟ ಆಗಬಹುದು ಅಂತ ಆಯ್ಕೆ ಮಾಡುವುದು ಮಾತ್ರ ಕಲಾವಿದರ ಕೈಯಲ್ಲಿ ಇತ್ತು.

ಈಗ ನಮ್ಮ ಕೈಯಲ್ಲಿ ಸ್ವಲ್ಪ ಜಾಸ್ತಿ ಉಂಟು. ಹಾಸ್ಟೆಲ್ ರೂಮಿನಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಇದ್ದರೆ ಹಾಡು ರೆಕಾರ್ಡ್ ಆಗುತ್ತದೆ. ವರ್ಷಕ್ಕೆ ಇಷ್ಟು ಅಂತ ಫೀಸು ತೆಗೆದುಕೊಂಡು ಎಲ್ಲಾ ಸ್ಟ್ರೀಮಿಂಗ್ ಆ್ಯಪ್‌ಗಳಿಗೂ ಹಾಡು ಹಾಕಿಕೊಡುವವರು ಇದ್ದಾರೆ, ಮಾಸ್ಟರ್ ನಮ್ಮದೇ ಆಗಿ ಉಳಿಯುತ್ತದೆ. ಗೈಸ್‌ಬರ್ಗ್ ಹಡಗಿನಲ್ಲಿ ತಂದ ಸಾಮಾನು, ಹ್ಯಾನೋವರ್‌ನ ಕಾರ್ಖಾನೆ, ಎರಡೂ ನಮ್ಮ ಬ್ಯಾಗಿನಲ್ಲಿ ಹಿಡಿಯುತ್ತದೆ. ಹಾಗಂತ ಇಂಡಿಪೆಂಡೆಂಟ್ ಅಂದ ಕೂಡಲೇ ಸ್ವತಂತ್ರ ಅಂತ ಅಲ್ಲ. ಮೊದಲು ಕಂಪನಿಯ ಮರ್ಜಿ, ಈಗ ಆಲ್ಗರಿದಂನ ಮರ್ಜಿ. ಪ್ರಚಾರ ನಾವೇ ಮಾಡಬೇಕು, ಲೆಕ್ಕ ನಾವೇ ಇಡಬೇಕು, ಕೇಳುವವರನ್ನು ನಾವೇ ಹುಡುಕಬೇಕು. ತುಳು, ಕನ್ನಡದಲ್ಲಿ ಹಾಡುವವರಿಗೆ ಕೇಳುವವರ ಸಂಖ್ಯೆ ಮೊದಲೇ ಸಣ್ಣದು.

ಆದ್ದರಿಂದ ಲೇಬಲ್ ಕೆಟ್ಟದು, ಇಂಡಿಪೆಂಡೆಂಟ್ ಒಳ್ಳೆಯದು ಅಂತ ಒಂದೇ ಗೆರೆ ಎಳೆಯಲಿಕ್ಕೆ ನಾನು ಹೋಗುವುದಿಲ್ಲ. ನಮ್ಮ ಕಾಲೇಜಿನಲ್ಲೇ ಬ್ಯಾಂಡ್ ಮಾಡಿಕೊಂಡವರು ಇದ್ದೀರಿ, ನಾಳೆ ಯಾರಾದರೂ ಒಂದು ಕಾಗದ ಹಿಡಿದು ಬರಬಹುದು. ಆಗ ಗೌಹರ್ ಕೇಳಿದ ಪ್ರಶ್ನೆಯನ್ನು ಕೇಳಿ: ನನಗೆ ಎಷ್ಟು ಕೊಡುತ್ತೀರಿ? ಅವರ ಕಾಲದ ಕಾಗದದಲ್ಲಿ ಜಾಗವೇ ಇಲ್ಲದ ಪ್ರಶ್ನೆಗಳನ್ನೂ ಕೇಳಿ. ಮಾಸ್ಟರ್ ಯಾರ ಹೆಸರಲ್ಲಿ ಇರುತ್ತದೆ? ಎಷ್ಟು ವರ್ಷಕ್ಕೆ? ಮಾರಾಟದಲ್ಲಿ ನನ್ನ ಪಾಲೆಷ್ಟು, ಲೆಕ್ಕ ತೋರಿಸುವವರು ಯಾರು? ಇವತ್ತು ಇಲ್ಲದ ತಂತ್ರಜ್ಞಾನ ನಾಳೆ ಬಂದರೆ ಅದರ ಹಕ್ಕು ಯಾರಿಗೆ? ಕೊನೆಯ ಪ್ರಶ್ನೆ ತಮಾಷೆ ಅಲ್ಲ. ನಮ್ಮ ಭಾಗವತರು ಕ್ಯಾಸೆಟ್‌ಗೆ ಹಾಡಿದಾಗ ಯೂಟ್ಯೂಬ್ ಎಲ್ಲಿತ್ತು? ನಾಳೆ ನಮ್ಮ ದನಿಯನ್ನು ಎಐಗೆ ಕಲಿಸುತ್ತಾರೆ. ಬ್ಯಾಂಡಿನಲ್ಲಿ ಫ್ರೆಂಡ್ಸೇ ಅಲ್ವಾ ಅಂತ ಒಳಗಿನ ಲೆಕ್ಕವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಗೌಹರ್ ಆಸ್ತಿ ಕರಗಿಸಿದ್ದು ಲಂಡನ್ನಿನ ಕಂಪನಿಗಿಂತ ಹೆಚ್ಚಾಗಿ ಹತ್ತಿರದವರೇ.

ಕೊನೆಯ ವರ್ಷಗಳಲ್ಲಿ ಅವರು ದರ್ಭಂಗಾ, ರಾಂಪುರ, ಬೊಂಬಾಯಿ ಅಂತ ಅಲೆದರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕರೆಸಿಕೊಂಡರು. 1928ರ ಆಗಸ್ಟ್ 1ರಂದು ನೇಮಕ, ಇರಲಿಕ್ಕೆ ದಿಲ್‌ಕುಶ್ ಕಾಟೇಜ್. ರೆಕಾರ್ಡ್ ಯುಗವನ್ನು ಶುರು ಮಾಡಿದವರು ಕೊನೆಗೆ ಮತ್ತೆ ರಾಜಾಶ್ರಯಕ್ಕೇ ಬಂದರು. ಮೈಸೂರಿನ ಪುಣ್ಯ, ಹಿಂದೂಸ್ತಾನದ ಅಷ್ಟು ದೊಡ್ಡ ದನಿಗೆ ಕೊನೆಯ ಆಸರೆ ನಮ್ಮ ರಾಜ್ಯದಲ್ಲಿ ಸಿಕ್ಕಿತು. ಅವರ ಕಥೆ ಮತ್ತೆ ಹೊರಗೆ ಬಂದದ್ದು ಕೂಡ ಮೈಸೂರಿನ ಹಳೆ ಕಡತಗಳಿಂದಲೇ. ಬೆಂಗಳೂರಿನ ವಿಕ್ರಮ್ ಸಂಪತ್ ಆ ಕಡತಗಳ ಹಿಂದೆ ಬಿದ್ದು 2010ರಲ್ಲಿ ಅವರ ಜೀವನಚರಿತ್ರೆ ತಂದರು. ಅವರು ಓದಿದ್ದು ಇಂಜಿನಿಯರಿಂಗ್, ನಮ್ಮ ಹಾಗೆ.

ಗೌಹರ್ ಜಾನ್ ಅವರ ರೆಕಾರ್ಡ್‌ಗಳ ಕಾಪಿರೈಟ್ ಅವಧಿ ಯಾವತ್ತೋ ಮುಗಿದಿದೆ. ಈಗ ಅವು ಯಾವ ಕಂಪನಿಯದ್ದೂ ಅಲ್ಲ, ಎಲ್ಲರದ್ದು. ನೆಟ್‌ನಲ್ಲಿ ಹುಡುಕಿದರೆ ಸಿಗುತ್ತವೆ. ಗರಗರ ಸದ್ದಿನ ಒಳಗಿಂದ ಒಂದು ತೀಕ್ಷ್ಣ ದನಿ ಬರುತ್ತದೆ, ಮೂರು ನಿಮಿಷದಲ್ಲಿ ಮುಗಿಯುತ್ತದೆ. ನಿಮ್ಮ ಟ್ರ್ಯಾಕಿಗೆ ಸ್ಯಾಂಪಲ್ ಮಾಡುವುದಾದರೆ ಧಾರಾಳ ಮಾಡಿ. ಕೊನೆಯ ಎರಡು ಸೆಕೆಂಡು ಮಾತ್ರ ಕಟ್ ಮಾಡಬೇಡಿ, ಅಲ್ಲಿ ಅವರ ಹೆಸರುಂಟು.